ದೂರದ ರಾಜನೇ ವಾಸಿ ಅಂದವರು

ಬೆಂಜಮಿನ್ ಫ್ರಾಂಕ್ಲಿನ್ ಗುಡುಗಿನ ಹೊತ್ತಲ್ಲಿ ಗಾಳಿಪಟ ಹಾರಿಸಿದ ಕಥೆಯನ್ನು ಶಾಲೆಯಲ್ಲಿ ಕೇಳದವರು ಕಡಿಮೆ. ಮಿಂಚು ಅಂದರೆ ವಿದ್ಯುತ್ತೇ ಎಂದು ತೋರಿಸಲು 1752ರಲ್ಲಿ ಮಾಡಿದ ಪ್ರಯೋಗ ಅದು. ಚಿತ್ರಗಳಲ್ಲಿ ಅವನ ಪಕ್ಕ ಒಬ್ಬ ಪುಟ್ಟ ಹುಡುಗ ನಿಂತಿರುತ್ತಾನೆ. ಅದು ಮಗ ವಿಲಿಯಂ. ಚಿತ್ರಗಾರರು ಯಾಕೋ ಅವನನ್ನು ಚಿಕ್ಕವನನ್ನಾಗಿ ಮಾಡಿಬಿಟ್ಟಿದ್ದಾರೆ. ಆಗಲೇ ಅವನಿಗೆ ಇಪ್ಪತ್ತರ ಮೇಲಾಗಿತ್ತು. ಪ್ರಯೋಗ ಕೈಕೊಟ್ಟರೆ ಜನ ನಕ್ಕಾರು ಎಂಬ ಅಳುಕು ಅಪ್ಪನಿಗೆ. ಹಾಗಾಗಿ ವಿಷಯ ತಿಳಿಸಿದ್ದು ಮಗನೊಬ್ಬನಿಗೇ.

1776ರ ಬೇಸಿಗೆಯಲ್ಲಿ ಈ ಅಪ್ಪ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ. ಅದೇ ಬೇಸಿಗೆಯಲ್ಲಿ ಮಗ ಸೆರೆಯಾದ. ವಿಲಿಯಂ ಆಗ ನ್ಯೂಜೆರ್ಸಿಯ ಗವರ್ನರ್, ಬ್ರಿಟನ್ನಿನ ರಾಜ ನೇಮಿಸಿದವನು. ಅಪ್ಪ ರಾಜನನ್ನು ಬಿಟ್ಟರೂ ಅವನು ಬಿಡಲಿಲ್ಲ.

ಸ್ವಾತಂತ್ರ್ಯ ಬೇಡ ಅನ್ನುವವರೂ ಇರ್ತಾರಾ? ಇದ್ದರು, ಜಾಸ್ತಿಯೇ ಇದ್ದರು. ಅಮೆರಿಕದ ಹದಿಮೂರು ಬ್ರಿಟಿಷ್ ವಸಾಹತುಗಳ ಜನಸಂಖ್ಯೆ ಆಗ ಸುಮಾರು 25 ಲಕ್ಷ. ಅದರಲ್ಲಿ ಬಿಳಿಯರ ಪೈಕಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ರಾಜನ ಕಡೆಗಿದ್ದರು ಎಂಬುದು ಇತಿಹಾಸಕಾರರ ಅಂದಾಜು. ಇವರಿಗೆ ಲಾಯಲಿಸ್ಟರು ಎಂದು ಹೆಸರು. ಎದುರಿನವರು ಬೈಯುವಾಗ ಟೋರಿ ಅನ್ನುತ್ತಿದ್ದರು.

ಸ್ವಾತಂತ್ರ್ಯ ಹೋರಾಟ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು 1947. ಆಳುವವರು ಹೊರಗಿನವರು, ಆಳಿಸಿಕೊಳ್ಳುವವರು ನಾವು. ಅಮೆರಿಕದ ಕಥೆಗೆ ಈ ಅಳತೆಗೋಲು ಹಿಡಿದರೆ ಏನೂ ಅರ್ಥವಾಗುವುದಿಲ್ಲ. ಅಲ್ಲಿ ದಂಗೆ ಎದ್ದವರೂ ಬಹುಪಾಲು ಬ್ರಿಟನ್ನಿನಿಂದ ಹೋದವರೇ, ಇಲ್ಲವೇ ಅವರ ಮಕ್ಕಳು ಮೊಮ್ಮಕ್ಕಳು. ಭಾಷೆ ಅದೇ, ಕಾನೂನು ಅದೇ, ರಾಜನೂ ಅವನೇ. ಇಂಗ್ಲೆಂಡನ್ನು ಎಂದೂ ಕಾಣದವರು ಕೂಡ ಅದನ್ನು 'ಮನೆ' ಅನ್ನುತ್ತಿದ್ದರು. ಇದು ಪರಕೀಯರನ್ನು ಓಡಿಸುವ ಜಗಳಕ್ಕಿಂತ ಹೆಚ್ಚಾಗಿ ಒಂದೇ ಮನೆಯ ಪಾಲಿನ ಜಗಳ. ಪಾಲು ಬೇಡ, ಒಟ್ಟಿಗೇ ಇರೋಣ ಅನ್ನುವವರು ಅಂಥ ಜಗಳದಲ್ಲಿ ಇದ್ದೇ ಇರುತ್ತಾರೆ.

ಜಗಳದ ಮೂಲ ತೆರಿಗೆ. ಫ್ರಾನ್ಸ್ ಜೊತೆಗಿನ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ ಗೆದ್ದಿತ್ತು, ಆದರೆ ಸಾಲದಲ್ಲಿ ಮುಳುಗಿತ್ತು. ಅಮೆರಿಕವನ್ನು ಕಾಯಲು ಖರ್ಚಾಗಿದೆ, ಅಮೆರಿಕದವರೂ ಸ್ವಲ್ಪ ಕೊಡಲಿ ಎಂದು ಲಂಡನ್ನಿನ ಲೆಕ್ಕ. 1765ರಲ್ಲಿ ಪತ್ರಿಕೆ, ಕೋರ್ಟಿನ ಕಾಗದ, ಕೊನೆಗೆ ಇಸ್ಪೀಟು ಎಲೆಗೂ ಸ್ಟ್ಯಾಂಪು ತೆರಿಗೆ ಬಂತು. ಪಾರ್ಲಿಮೆಂಟಿನಲ್ಲಿ ನಮ್ಮವರು ಒಬ್ಬರೂ ಇಲ್ಲ, ನಮ್ಮನ್ನು ಕೇಳದೆ ತೆರಿಗೆ ಹಾಕಲು ಇವರು ಯಾರು ಎಂದು ವಸಾಹತಿನವರು ತಿರುಗಿಬಿದ್ದರು.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ಲಾಯಲಿಸ್ಟರು ಅಂದರೆ ಈ ತೆರಿಗೆಗೆ ಜೈ ಅಂದವರು, ರಾಜನ ಭಟ್ಟಂಗಿಗಳು ಎಂದುಕೊಳ್ಳುತ್ತೇವೆ. ಅವರ ಮುಂದಾಳುಗಳಲ್ಲಿ ಎಷ್ಟೋ ಮಂದಿಗೆ ತೆರಿಗೆ ಹಿಡಿಸಿರಲೇ ಇಲ್ಲ. ಲಂಡನ್ನು ತಪ್ಪು ಮಾಡುತ್ತಿದೆ ಎಂದು ಅವರೂ ಒಪ್ಪುತ್ತಿದ್ದರು. ಅವರು ಕೇಳಿದ ಪ್ರಶ್ನೆಯೇ ಬೇರೆ: ರಾಜ ಹೋದ ಮೇಲೆ ಇಲ್ಲಿ ಯಜಮಾನಿಕೆ ಯಾರದು? ಆಗ ನನ್ನ ಗತಿ ಏನು? ಒಬ್ಬೊಬ್ಬರು ಒಂದೊಂದು ಜಾಗದಲ್ಲಿ ನಿಂತು ಇದನ್ನು ಕೇಳಿದರು.

ಬೋಸ್ಟನ್ನಿನ ಥಾಮಸ್ ಹಚಿನ್ಸನ್‌ನನ್ನು ನೋಡಿ. ಹುಟ್ಟಿದ್ದು ಅಲ್ಲೇ, ಹಿರೀಕರು ನೂರು ವರ್ಷಕ್ಕೂ ಹಿಂದೆ ಬಂದು ನೆಲೆಸಿದವರು. 1765ರಲ್ಲಿ ಅವನು ಮ್ಯಾಸಚೂಸೆಟ್ಸ್‌ನ ಉಪ ಗವರ್ನರ್, ಮುಖ್ಯ ನ್ಯಾಯಾಧೀಶ ಕೂಡ. ಸ್ಟ್ಯಾಂಪು ತೆರಿಗೆ ಬೇಡ ಎಂದು ಒಳಗಿಂದೊಳಗೇ ಲಂಡನ್ನಿಗೆ ಬರೆದಿದ್ದ. ಹೊರಗೆ ಮಾತ್ರ, ಕಾನೂನು ಕಾನೂನೇ, ಬಂದ ಮೇಲೆ ಪಾಲಿಸಬೇಕು ಅನ್ನುತ್ತಿದ್ದ. ಜನರಿಗೆ ಕಂಡದ್ದು ಆ ಹೊರಗಿನ ಮಾತು.

ಆಗಸ್ಟ್ 26ರ ರಾತ್ರಿ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಗುಂಪು ಬರುತ್ತಿದೆ ಎಂದು ಯಾರೋ ಓಡಿಬಂದು ಹೇಳಿದರು. ಹಚಿನ್ಸನ್ ಮಕ್ಕಳನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಒಳಗೇ ಇರುವುದೆಂದು ಕೂತ. ಹಿರಿ ಮಗಳು ತಿರುಗಿ ಬಂದಳು. ನೀವು ಬಾರದೆ ನಾನು ಹೋಗುವುದಿಲ್ಲ ಎಂದು ಹಟ ಹಿಡಿದಳು. ಅವಳಿಗಾಗಿ ಎದ್ದು ಹೊರಟ. ಸ್ವಲ್ಪ ಹೊತ್ತಿಗೆ ಕೊಡಲಿಗಳು ಬಾಗಿಲು ಸೀಳಿದವು. ಬೆಳಗಾಗುವವರೆಗೂ ಆ ಮನೆ ಕೆಡವಿದರು. ಒಳಗೋಡೆ ಒಡೆದರು, ಹಣ ಬೆಳ್ಳಿ ದೋಚಿದರು, ಹಿತ್ತಲಿನ ಮರ ಉರುಳಿಸಿದರು. ಅವನು ವರ್ಷಗಟ್ಟಲೆ ಕೂಡಿಸಿ ಬರೆಯುತ್ತಿದ್ದ ಮ್ಯಾಸಚೂಸೆಟ್ಸ್ ಇತಿಹಾಸದ ಹಸ್ತಪ್ರತಿಯನ್ನು ಬೀದಿಗೆ ಎಸೆದರು. ಆಮೇಲೆ ನೆರೆಯ ಪಾದ್ರಿಯೊಬ್ಬ ಕೆಸರಿನಿಂದ ಆ ಹಾಳೆಗಳನ್ನು ಆರಿಸಿಕೊಟ್ಟ. ಕಲೆ ಹಿಡಿದ ಹಾಳೆಗಳು ಇವತ್ತಿಗೂ ಉಳಿದಿವೆ. ಮಾರನೆಯ ದಿನ ನ್ಯಾಯಾಧೀಶ ಕೋರ್ಟಿಗೆ ಬಂದಾಗ ಮೈಮೇಲೆ ನಿಲುವಂಗಿ ಇರಲಿಲ್ಲ. ಉಟ್ಟ ಬಟ್ಟೆ ಬಿಟ್ಟರೆ ಬೇರೆ ಬಟ್ಟೆಯೇ ಉಳಿದಿರಲಿಲ್ಲ.

ಆ ರಾತ್ರಿ ಅವನಿಗೆ ಕಂಡ ಸ್ವಾತಂತ್ರ್ಯದ ಮುಖ ಅದು. ದುಡ್ಡಿದ್ದವರ, ಹುದ್ದೆಯಲ್ಲಿದ್ದವರ ಹೆದರಿಕೆ ಇದೇ ಆಗಿತ್ತು: ಇವತ್ತು ಬೀದಿಯ ಗುಂಪು, ನಾಳೆ ಅದೇ ಸರ್ಕಾರ. ಹೆದರಿಕೆಗೆ ಕಾರಣವೂ ಇತ್ತು. 1774ರ ಜನವರಿಯ ಕೊರೆಯುವ ಚಳಿಯಲ್ಲಿ ಬೋಸ್ಟನ್ನಿನ ಸುಂಕದ ಅಧಿಕಾರಿ ಜಾನ್ ಮಾಲ್ಕಮ್‌ನ ಬಟ್ಟೆ ಬಿಚ್ಚಿ, ಮೈಗೆ ಬಿಸಿ ಡಾಂಬರು ಬಳಿದು, ಹಕ್ಕಿಯ ಪುಕ್ಕ ಮೆತ್ತಿ ಗಾಡಿಯಲ್ಲಿ ಮೆರವಣಿಗೆ ಮಾಡಿದರು. (ನಮ್ಮ ರಸ್ತೆಯ ಡಾಂಬರಲ್ಲ, ಹಡಗಿನ ಹಲಗೆಗೆ ಬಳಿಯುವ ಪೈನ್ ಮರದ ಅಂಟು. ಹಾಗಂತ ಸುಡದೇ ಇರುತ್ತದೆಯೇ?) ಡಾಂಬರು ಕಿತ್ತು ಬಂದಾಗ ಜೊತೆಗೆ ಚರ್ಮವೂ ಬಂತು. ಮಾಲ್ಕಮ್ ಒಳ್ಳೆಯ ಮನುಷ್ಯನೇನಲ್ಲ. ಅವತ್ತು ಬೀದಿಯಲ್ಲಿ ಒಬ್ಬ ಹುಡುಗನನ್ನು ಬೆದರಿಸಿ, ತಡೆಯಲು ಬಂದವನ ತಲೆಗೆ ಬೆತ್ತದಿಂದ ಹೊಡೆದಿದ್ದ. ಆದರೂ ನೋಡಿದವರಿಗೆ ನೆನಪಿನಲ್ಲಿ ಉಳಿಯುವುದು ಚರ್ಮ, ಅಲ್ವಾ.

ಅದಕ್ಕೆ ಒಂದೂವರೆ ತಿಂಗಳು ಹಿಂದೆಯಷ್ಟೇ ಅದೇ ಊರಿನ ಬಂದರಿನಲ್ಲಿ ತೆರಿಗೆ ವಿರೋಧಿಗಳು 342 ಪೆಟ್ಟಿಗೆ ಚಹಾವನ್ನು ನೀರಿಗೆ ಎಸೆದಿದ್ದರು. ಚಹಾ ಈಸ್ಟ್ ಇಂಡಿಯಾ ಕಂಪನಿಯದು, ಹೌದು, ನಮ್ಮ ಮೇಲೆ ಸವಾರಿ ಮಾಡಿದ ಅದೇ ಕಂಪನಿ. ಹೊಸ ಕಾನೂನಿನಿಂದ ಚಹಾದ ಬೆಲೆ ಇಳಿದಿತ್ತು ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದು ಕಡಿಮೆ. ಸಿಟ್ಟು ಇದ್ದದ್ದು ತೆರಿಗೆ ಹಾಕುವ ಹಕ್ಕು ಯಾರದು ಎಂಬುದಕ್ಕೆ, ಕಂಪನಿಯ ಏಕಸ್ವಾಮ್ಯಕ್ಕೆ. ಚಹಾ ಮಾರುವ ಗುತ್ತಿಗೆ ಸಿಕ್ಕವರಲ್ಲಿ ಹಚಿನ್ಸನ್‌ನ ಮಕ್ಕಳೂ ಇದ್ದರು. ಅವನ ತತ್ವದಲ್ಲಿ ಸ್ವಾರ್ಥ ಬೆರೆತಿರಲಿಲ್ಲ ಅಂತ ನಾನು ಹೇಳಲಾರೆ.

ಬೋಸ್ಟನ್ನಿಗೆ ಬುದ್ಧಿ ಕಲಿಸಲು ಬ್ರಿಟನ್ ಬಂದರು ಮುಚ್ಚಿತು. ಇದಕ್ಕೆ ಉತ್ತರವಾಗಿ ವಸಾಹತುಗಳ ಪ್ರತಿನಿಧಿಗಳು 1774ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿ ಬ್ರಿಟಿಷ್ ಸಾಮಾನಿಗೆ ಬಹಿಷ್ಕಾರ ಹಾಕಿದರು. ಪಾಲಿಸದವರ ಮೇಲೆ ಕಣ್ಣಿಡಲು ಊರೂರಿಗೆ ಸಮಿತಿ. ತಪ್ಪಿದವರ ಹೆಸರು ಪತ್ರಿಕೆಯಲ್ಲಿ.

ಈ ಸಮಿತಿಗಳು ನ್ಯೂಯಾರ್ಕ್ ಬಳಿಯ ಪಾದ್ರಿ ಸ್ಯಾಮ್ಯುಯೆಲ್ ಸೀಬರಿಗೆ ಉರಿ ಎಬ್ಬಿಸಿದವು. 'ವೆಸ್ಟ್‌ಚೆಸ್ಟರಿನ ರೈತ' ಎಂಬ ಹೆಸರಿನಲ್ಲಿ ಕರಪತ್ರ ಬರೆದ. ಬರಲಿ ಬಿಡಿ ಈ ಸಮಿತಿಯವರು, ಬಾಗಿಲು ತೆರೆಯಿರಿ, ನಿಮ್ಮ ಚಹಾದ ಡಬ್ಬಿ, ಕಾಕಂಬಿಯ ಜಾಡಿ, ಹೆಂಡತಿ ಮಕ್ಕಳ ಲಂಗ ಎಲ್ಲ ತಡಕಿ ನೋಡಲಿ ಎಂದು ರೈತರನ್ನು ಕೆಣಕಿದ. ಗುಲಾಮನಾಗಲೇಬೇಕಿದ್ದರೆ ರಾಜನಿಗಾದರೂ ಆಗುತ್ತೇನೆ, ನಿನ್ನೆ ಮೊನ್ನೆ ತಲೆ ಎತ್ತಿದ ಸಮಿತಿಯವರಿಗಲ್ಲ. ತಿನ್ನಿಸಿಕೊಳ್ಳಲೇಬೇಕಿದ್ದರೆ ಸಿಂಹದ ಬಾಯಿಗೆ ಬೀಳುತ್ತೇನೆ, ಇಲಿ ಹೆಗ್ಗಣ ಕಚ್ಚಿ ಕಚ್ಚಿ ಸಾಯಿಸುವುದು ಬೇಡ ಎಂದ. ಆ ಇಡೀ ಕಾಲದ ಲಾಯಲಿಸ್ಟ್ ಬರಹದಲ್ಲಿ ಇಷ್ಟು ಖಾರದ ಮಾತು ನನಗೆ ಬೇರೆ ಸಿಕ್ಕಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತೇವಲ್ಲ, ಸೀಬರಿಗೆ ಕಡಲಾಚೆಯ ರಾಜ ಹಾಗೆ ಕಂಡನೇನೋ. ಆದರೆ ಹತ್ತಿರದ ಬೆಟ್ಟದಲ್ಲಿ ಕಲ್ಲುಮುಳ್ಳು ಇದ್ದದ್ದೂ ನಿಜ. 1775ರಲ್ಲಿ ಅವನನ್ನು ಎತ್ತಿಕೊಂಡು ಹೋಗಿ ಕೂಡಿಹಾಕಿದರು.

ಪಾದ್ರಿಗಳ ಕಷ್ಟ ಇನ್ನೊಂದಿತ್ತು. ಇಂಗ್ಲೆಂಡಿನ ಚರ್ಚಿಗೆ ರಾಜನೇ ಮುಖ್ಯಸ್ಥ. ದೀಕ್ಷೆ ತೆಗೆದುಕೊಳ್ಳುವಾಗ ಅವನ ಹೆಸರಿನಲ್ಲಿ ಪ್ರಮಾಣ, ಪ್ರತಿ ಭಾನುವಾರ ಅವನಿಗಾಗಿ ಪ್ರಾರ್ಥನೆ. ಅದನ್ನು ಬಿಟ್ಟರೆ ದೇವರ ಮುಂದೆ ಆಡಿದ ಮಾತು ಮುರಿದಂತೆ, ಓದಿದರೆ ಹೊರಗೆ ಗುಂಪು ಕಾಯುತ್ತಿದೆ. ಅತ್ತ ದರಿ, ಇತ್ತ ಪುಲಿ. ಕ್ವೇಕರ್ ಪಂಥದವರದು ಬೇರೆ ಪಾಡು. ಅವರು ಯುದ್ಧವನ್ನೇ ಒಪ್ಪುವವರಲ್ಲ, ಆಣೆ ಪ್ರಮಾಣವನ್ನೂ ಮಾಡುವವರಲ್ಲ. ಯಾರ ಕಡೆಗೂ ಇಲ್ಲ ಅಂದದ್ದಕ್ಕೇ ಅವರನ್ನು ಶತ್ರುಗಳ ಪಟ್ಟಿಗೆ ಸೇರಿಸಿದರು.

ನಡುದಾರಿ ಹುಡುಕಿದವರೂ ಇದ್ದರು. ಪೆನ್ಸಿಲ್ವೇನಿಯಾದ ಜೋಸೆಫ್ ಗ್ಯಾಲೊವೆ ಆ 1774ರ ಸಭೆಯಲ್ಲೇ ಒಂದು ಯೋಜನೆ ಮುಂದಿಟ್ಟ. ಅಮೆರಿಕಕ್ಕೂ ಒಂದು ಪಾರ್ಲಿಮೆಂಟ್ ಇರಲಿ, ವಸಾಹತುಗಳೇ ಆರಿಸಲಿ, ಅಮೆರಿಕದ ವಿಷಯದಲ್ಲಿ ಇಲ್ಲಿಯದೂ ಲಂಡನ್ನಿನದೂ ಎರಡೂ ಒಪ್ಪಿದರೆ ಮಾತ್ರ ಕಾನೂನಾಗಲಿ. ಒಂದೇ ಒಂದು ವೋಟಿನಿಂದ ಅದು ಮೂಲೆಗೆ ಬಿತ್ತು. ಆಮೇಲೆ ನಡಾವಳಿ ಪುಸ್ತಕದಿಂದಲೇ ಅದನ್ನು ತೆಗೆದುಹಾಕಿದರು. ಲಂಡನ್ನಾದರೂ ಒಪ್ಪುತ್ತಿತ್ತು ಅನ್ನುವ ಹಾಗಿಲ್ಲ.

ಗ್ಯಾಲೊವೆ ಕೊನೆಗೆ ಬ್ರಿಟಿಷರ ಕಡೆ ಸೇರಿ, 1778ರಲ್ಲಿ ಅವರ ಸೈನ್ಯ ಫಿಲಡೆಲ್ಫಿಯಾ ಬಿಟ್ಟಾಗ ಮಗಳನ್ನು ಕರೆದುಕೊಂಡು ಹೊರಟುಹೋದ. ಹೆಂಡತಿ ಗ್ರೇಸ್ ಹೋಗಲಿಲ್ಲ. ಆಸ್ತಿಯಲ್ಲಿ ಹೆಚ್ಚಿನದು ಆಕೆಯ ಅಪ್ಪನಿಂದ ಬಂದದ್ದು. ತಾನು ಇಲ್ಲೇ ಇದ್ದರೆ ಮಗಳಿಗಾದರೂ ಉಳಿದೀತು ಎಂದು ನಿಂತಳು. ಆದರೆ ಅಂದಿನ ಕಾನೂನಿನಲ್ಲಿ ಹೆಂಡತಿಯ ಆಸ್ತಿ ಗಂಡನ ಕೈಯಲ್ಲಿ, ಗಂಡನೋ ದೇಶದ್ರೋಹಿ. ಜಪ್ತಿಗೆ ಬಂದವನು ಚಾರ್ಲ್ಸ್ ವಿಲ್ಸನ್ ಪೀಲ್, ವಾಷಿಂಗ್ಟನ್‌ನ ಚಿತ್ರಗಳನ್ನು ಬರೆದ ಕಲಾವಿದ. ನಾನಾಗಿ ಹೊರಡುವುದಿಲ್ಲ, ಬಲವಂತ ಮಾಡಿದರೆ ಮಾತ್ರ ಎಂದಳು ಗ್ರೇಸ್. ಹಾಗೆಯೇ ಹೊರಗೆ ಹಾಕಿದರು. ಬಾಡಿಗೆ ಕೋಣೆಗಳಲ್ಲಿ ಕೂತು ಆಕೆ ದಿನಚರಿ ಬರೆದಳು. ಅದರಲ್ಲಿ ಒಂದು ಮಾತಿದೆ: ನನಗೆ ಬೇಕಾದ ಹಾಗೆ ಇರುವ ಈ ಸ್ವಾತಂತ್ರ್ಯದಿಂದ, ಮದುವೆಯಾದ ಮೇಲಿನ ಯಾವ ಕಾಲಕ್ಕಿಂತಲೂ ಈ ಬಡತನವೇ ಹಿತವಾಗಿದೆ. ಗಂಡನನ್ನೂ ಮಗಳನ್ನೂ ಮತ್ತೆ ಕಾಣದೆ 1782ರಲ್ಲಿ ತೀರಿಕೊಂಡಳು.

ಇವರೆಲ್ಲ ಇದ್ದವರು. ಇಲ್ಲದವರು ಯಾಕೆ ರಾಜನ ಕಡೆ ಹೋದರು?

ಎಷ್ಟೋ ಸಲ ಎದುರಿನವನು ಯಾವ ಕಡೆ ಎಂದು ನೋಡಿ. ಹಡ್ಸನ್ ಕಣಿವೆಯಲ್ಲಿ ಲಿವಿಂಗ್ಸ್ಟನ್ ಮನೆತನದ ದೊಡ್ಡ ಜಮೀನ್ದಾರಿ ಇತ್ತು. ಜಮೀನ್ದಾರರು ಸ್ವಾತಂತ್ರ್ಯದ ಕಡೆ. ಹಾಗಾಗಿ ಗೇಣಿದಾರರು ರಾಜನ ಕಡೆ! ರಾಜ ಗೆದ್ದರೆ ಉಳುವ ಭೂಮಿ ತಮ್ಮದಾದೀತು ಎಂಬ ಆಸೆಯಿಂದ 1777ರಲ್ಲಿ ಎದ್ದುನಿಂತರು, ಬೇಗನೆ ಅಡಗಿಸಲಾಯಿತು. ಉತ್ತು ಬಿತ್ತುವವನಿಗೆ ದೊರೆ ಅಂದರೆ ಗೇಣಿ ವಸೂಲಿಗೆ ಬರುವವನೇ ಹೊರತು ಲಂಡನ್ನಿನಲ್ಲಿ ಕೂತವನಲ್ಲ.

ನಾರ್ತ್ ಕ್ಯಾರೊಲಿನಾದ ಸ್ಕಾಟಿಷ್ ಗುಡ್ಡಗಾಡಿನವರ ಕಥೆ ಇನ್ನೂ ವಿಚಿತ್ರ. 1746ರಲ್ಲಿ ಅವರ ಜನ ಇದೇ ರಾಜಮನೆತನದ ಮೇಲೆ ದಂಗೆ ಎದ್ದು ಕಲೊಡೆನ್ ಬಯಲಿನಲ್ಲಿ ನುಚ್ಚುನೂರಾಗಿದ್ದರು. ಆ ದಂಗೆ ನಡೆಸಿ ಸೋತ ರಾಜಕುಮಾರನಿಗೆ ಹೆಣ್ಣು ವೇಷ ಹಾಕಿಸಿ ದಾಟಿಸಿದ ಫ್ಲೋರಾ ಮ್ಯಾಕ್‌ಡೊನಾಲ್ಡ್ 1774ರಲ್ಲಿ ಗಂಡನ ಜೊತೆ ಕ್ಯಾರೊಲಿನಾಕ್ಕೆ ಬಂದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಗಂಡ ಅದೇ ರಾಜಮನೆತನದ ಪರ ಹೋರಾಡಲು ಹೊರಟ. ಹುಚ್ಚೇ ಅನಿಸಬಹುದು. ಆದರೆ ಸೋತ ದಂಗೆಯ ಬೆಲೆ ಏನು ಎಂದು ಅಮೆರಿಕದಲ್ಲಿ ಇವರಷ್ಟು ಚೆನ್ನಾಗಿ ತಿಳಿದವರು ಯಾರಿದ್ದರು? ಮೂರ್ಸ್ ಕ್ರೀಕ್ ಎಂಬಲ್ಲಿ ಎದುರಾಳಿಗಳು ಸೇತುವೆಯ ಹಲಗೆ ಕಿತ್ತು, ಉಳಿದ ತೊಲೆಗಳಿಗೆ ಕೊಬ್ಬು ಸವರಿ ಕಾದಿದ್ದರು. ಇವರು ಕತ್ತಿ ಹಿರಿದು ಜಾರುವ ತೊಲೆಗಳ ಮೇಲೆ ನುಗ್ಗಿದರು. ಕೆಲವೇ ನಿಮಿಷದಲ್ಲಿ ಎಲ್ಲ ಮುಗಿಯಿತು.

ಇನ್ನು ಗುಲಾಮರು. ಇವರ ವಿಷಯಕ್ಕೆ ಬಂದರೆ 'ಸ್ವಾತಂತ್ರ್ಯ ವಿರೋಧಿ' ಎಂಬ ಪದವೇ ತಲೆಕೆಳಗಾಗುತ್ತದೆ. 1775ರ ನವೆಂಬರಿನಲ್ಲಿ ವರ್ಜೀನಿಯಾದ ಗವರ್ನರ್ ಲಾರ್ಡ್ ಡನ್ಮೋರ್ ಡಂಗುರ ಸಾರಿಸಿದ: ದಂಗೆಕೋರರ ಗುಲಾಮರು ನಮ್ಮ ಸೈನ್ಯ ಸೇರಿದರೆ ಬಿಡುಗಡೆ. ಡನ್ಮೋರ್‌ಗೆ ಕರುಣೆ ಉಕ್ಕಿರಲಿಲ್ಲ, ಅವನೂ ಗುಲಾಮರನ್ನು ಇಟ್ಟುಕೊಂಡವನೇ. ರಾಜನಿಗೆ ನಿಷ್ಠರಾದ ಧಣಿಗಳ ಗುಲಾಮರಿಗೆ ಈ ಮಾತು ಅನ್ವಯಿಸುತ್ತಲೂ ಇರಲಿಲ್ಲ. ಆದರೂ ನೂರಾರು ಮಂದಿ ಓಡಿಬಂದರು. ಬಹಳ ಜನ ಸಿಡುಬಿಗೆ ಸತ್ತರು.

ಹಾಗೆ ಬಂದವರಲ್ಲಿ ಹ್ಯಾರಿ ಒಬ್ಬ. ಆಫ್ರಿಕಾದಲ್ಲಿ ಹುಟ್ಟಿದವನು. ಅವನ ಧಣಿ ಜಾರ್ಜ್ ವಾಷಿಂಗ್ಟನ್, ಸ್ವಾತಂತ್ರ್ಯ ಸೇನೆಯ ಮಹಾದಂಡನಾಯಕ. 1783ರಲ್ಲಿ ಯುದ್ಧ ಮುಗಿದಾಗ ನಮ್ಮ ಸೊತ್ತು ನಮಗೆ ಕೊಡಿ ಎಂದು ವಾಷಿಂಗ್ಟನ್ ಬ್ರಿಟಿಷ್ ಸೇನಾಪತಿ ಗೈ ಕಾರ್ಲ್‌ಟನ್‌ನನ್ನು ಕೇಳಿದ. ಬಿಡುಗಡೆಯ ಮಾತು ಕೊಟ್ಟಾಗಿದೆ, ತಪ್ಪಲಾಗದು ಎಂದ ಕಾರ್ಲ್‌ಟನ್. ಬೇಕಾದರೆ ಮುಂದೆ ಪರಿಹಾರ ಕೇಳಿ, ಲೆಕ್ಕ ಇಟ್ಟಿರುತ್ತೇವೆ ಎಂದು ನ್ಯೂಯಾರ್ಕಿನಲ್ಲಿ ಹಡಗು ಹತ್ತಿದ ಸುಮಾರು ಮೂರು ಸಾವಿರ ಕರಿಯರ ಹೆಸರು ಬರೆಸಿದ. ಆ ದಪ್ಪ ಪುಸ್ತಕದಲ್ಲಿ ಒಂದು ಸಾಲು: ಹ್ಯಾರಿ ವಾಷಿಂಗ್ಟನ್, ವಯಸ್ಸು 43, ಒಳ್ಳೆಯ ಆಳು, ಮೊದಲು ಜನರಲ್ ವಾಷಿಂಗ್ಟನ್‌ರ ಸೊತ್ತು, ಏಳು ವರ್ಷದ ಹಿಂದೆ ಬಿಟ್ಟು ಬಂದವನು.

ಏಳು ವರ್ಷದ ಹಿಂದೆ ಅಂದರೆ 1776. ಎಲ್ಲ ಮನುಷ್ಯರೂ ಸಮಾನರು ಎಂದು ಘೋಷಣೆ ಹೊರಟ ವರ್ಷ.

ಹ್ಯಾರಿಯ ಕಥೆ ಸುಖವಾಗಿ ಮುಗಿಯಲಿಲ್ಲ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಕಲ್ಲು ನೆಲ, ಚಳಿ, ಅಲ್ಲೂ ಬಣ್ಣದ ಭೇದ. 1792ರಲ್ಲಿ ಸುಮಾರು 1,200 ಮಂದಿಯ ಜೊತೆ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೊರಟ. ಅಲ್ಲಿ ಆಳುತ್ತಿದ್ದ ಕಂಪನಿ ಭೂಮಿಗೆ ಕಂದಾಯ ಹೇರಿತು. 1800ರಲ್ಲಿ ದಂಗೆಯಾಯಿತು, ಹ್ಯಾರಿಯೂ ಅದರಲ್ಲಿದ್ದ, ಗಡೀಪಾರಾದ. ಹಳೇ ಧಣಿ ಯಾವ ಕಾರಣಕ್ಕೆ ದಂಗೆ ಎದ್ದನೋ, ಹೆಚ್ಚುಕಡಿಮೆ ಅದೇ ಕಾರಣ.

ಅಲ್ಲಿಯ ಮೂಲನಿವಾಸಿಗಳಿಗಂತೂ ರಾಜ ಅಂದರೆ ಬೇಲಿ. 1763ರಲ್ಲಿ ಅವನು ಅಪಲಾಚಿಯನ್ ಬೆಟ್ಟಸಾಲಿನುದ್ದಕ್ಕೂ ಗೆರೆ ಎಳೆದು, ಆಚೆ ಹೋಗಿ ನೆಲ ಹಿಡಿಯಬೇಡಿ ಎಂದು ವಲಸಿಗರಿಗೆ ಹೇಳಿದ್ದ. ಗೆರೆ ಗಟ್ಟಿಯಾಗಿ ನಿಲ್ಲಲಿಲ್ಲ, ಆದರೂ ಒಂದು ಗೆರೆಯಂತ ಇತ್ತು. ವಲಸಿಗರ ಸಿಟ್ಟಿಗೆ ಚಹಾದಷ್ಟೇ ಇದೂ ಕಾರಣ. ಈ ಬೇಲಿ ಕಿತ್ತರೆ ನಮ್ಮ ಗತಿ ಏನು ಎಂದು ಮೊಹಾಕ್ ನಾಯಕ ಜೋಸೆಫ್ ಬ್ರಾಂಟ್ ಲಂಡನ್ನಿಗೇ ಹೋಗಿ ಮಾತಾಡಿ ಬಂದ, ಬ್ರಿಟಿಷರ ಪರ ಹೋರಾಡಿದ. ಅವನ ಒಕ್ಕೂಟದ ಆರು ಕುಲಗಳೂ ಒಂದಾಗಲಿಲ್ಲ. ಒನೈಡಾ ಮತ್ತು ಟಸ್ಕರೋರಾ ಜನರಲ್ಲಿ ಬಹಳಷ್ಟು ಮಂದಿ ಅಮೆರಿಕನ್ನರ ಕಡೆ ಹೋದರು. 1783ರ ಒಪ್ಪಂದದಲ್ಲಿ ಬ್ರಿಟನ್ ಅವರ ನೆಲವನ್ನೂ ಬಿಟ್ಟುಕೊಟ್ಟಿತು, ಅವರ ಹೆಸರನ್ನೂ ಎತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ತುಂಬ ಜನಕ್ಕೆ ಎರಡೂ ಕಡೆ ಬೇಕಿರಲಿಲ್ಲ. 1776ರ ಕೊನೆಯಲ್ಲಿ ಬ್ರಿಟಿಷ್ ಸೈನ್ಯ ನ್ಯೂಜೆರ್ಸಿಗೆ ನುಗ್ಗಿದಾಗ ಸಾವಿರಾರು ಮಂದಿ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ರಕ್ಷಣೆಯ ಚೀಟಿ ಪಡೆದರು. ಕ್ರಿಸ್‌ಮಸ್ ಮುಗಿದ ಮಾರನೇ ದಿನ ವಾಷಿಂಗ್ಟನ್ ಟ್ರೆಂಟನ್‌ನಲ್ಲಿ ಗೆದ್ದ. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ದೇಶದಲ್ಲೂ ಇದ್ದಾರೆ. ಅವರನ್ನು ಆಡಿಕೊಳ್ಳುವುದು ಸುಲಭ, ಆದರೆ ಹಿತ್ತಲಿನಲ್ಲಿ ಇವತ್ತು ಒಂದು ಸೈನ್ಯ, ನಾಳೆ ಇನ್ನೊಂದು ಸೈನ್ಯ ಬೀಡುಬಿಟ್ಟರೆ ನಾನಾದರೂ ಏನು ಮಾಡುತ್ತಿದ್ದೆನೋ.

1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶರಣಾದ, ಆಟ ಮುಗಿಯಿತು. ಹೌದು, ಹತ್ತು ವರ್ಷದ ಮೇಲೆ ಬೆಂಗಳೂರಿನ ಕೋಟೆ ಹಿಡಿದು, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ ಅದೇ ಕಾರ್ನ್‌ವಾಲಿಸ್. ಇನ್ನೊಂದು ನಂಟೂ ಇದೆ. 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷ್ ಹಡಗೊಂದನ್ನು ಸೋಲಿಸಿ ಹಿಡಿದರು. ಹಿಡಿದ ಅವರ ಹಡಗಿನ ಹೆಸರು 'ಹೈದರ್ ಅಲಿ'. ಇಂಗ್ಲಿಷರಿಗೆ ಇಲ್ಲಿ ನೀರು ಕುಡಿಸುತ್ತಿದ್ದ ನಮ್ಮ ಹೈದರನ ಹೆಸರು ಫಿಲಡೆಲ್ಫಿಯಾದವರೆಗೂ ಮುಟ್ಟಿತ್ತು.

ಸೋತ ಮೇಲೆ ಲಾಯಲಿಸ್ಟರಲ್ಲಿ ಹೆಚ್ಚಿನವರು ತಲೆ ತಗ್ಗಿಸಿ ಅಲ್ಲೇ ಉಳಿದರು. ಸೀಬರಿ ಹೊಸ ದೇಶದಲ್ಲಿ ತನ್ನ ಚರ್ಚಿನ ಮೊದಲ ಬಿಷಪ್ ಆದ! ಸುಮಾರು 60,000 ಮಂದಿ ದೇಶ ಬಿಟ್ಟರು. ತಮ್ಮ ಜೊತೆ ಸುಮಾರು 15,000 ಗುಲಾಮರನ್ನೂ ಜಮೈಕಾ, ಬಹಾಮಾಸ್ ಕಡೆಗೆ ಸಾಗಿಸಿದರು, ಇದನ್ನು ಮುಚ್ಚಿಡಬಾರದು. ದೊಡ್ಡ ಪಾಲು ಕೆನಡಾಕ್ಕೆ ಹೋಯಿತು. ಅವರಿಗೆಂದೇ 1784ರಲ್ಲಿ ನ್ಯೂ ಬ್ರನ್ಸ್‌ವಿಕ್ ಎಂಬ ಪ್ರಾಂತ ಹುಟ್ಟಿತು. ಹಚಿನ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದ. 1774ರಲ್ಲೇ ಇಂಗ್ಲೆಂಡಿಗೆ ಹೋಗಿದ್ದ ಅವನಿಗೆ 'ಮನೆ' ಎಂದು ಕರೆಯುತ್ತಿದ್ದ ಆ ದೇಶ ಮನೆಯಾಗಲೇ ಇಲ್ಲ. ಇಲ್ಲಿಯ ದೊಡ್ಡ ಬಂಗಲೆಯಲ್ಲಿ ಸಾಯುವುದಕ್ಕಿಂತ ನ್ಯೂ ಇಂಗ್ಲೆಂಡಿನ ಚಿಕ್ಕ ಹಳ್ಳಿಮನೆಯಲ್ಲಿ ಸಾಯುವುದೇ ಮೇಲು ಎಂದು ಬರೆದುಕೊಂಡಿದ್ದ.

ವಿಲಿಯಂ ಫ್ರಾಂಕ್ಲಿನ್ ಸುಮಾರು ಎರಡು ವರ್ಷ ಸೆರೆಯಲ್ಲಿದ್ದ. 1777ರಲ್ಲಿ ಹೆಂಡತಿ ನ್ಯೂಯಾರ್ಕಿನಲ್ಲಿ ಸಾಯುವ ಸ್ಥಿತಿಯಲ್ಲಿದ್ದಾಗ ನೋಡಿ ಬರಲು ಬಿಡಿ ಎಂದು ಬೇಡಿಕೊಂಡ. ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಬಿಡಲಿಲ್ಲ, ಆಕೆ ಸತ್ತಳು. ಹೊರಬಂದವನು ಮೊದಲಿನ ಸೌಮ್ಯ ಗವರ್ನರ್ ಆಗಿ ಉಳಿಯಲಿಲ್ಲ. ದಂಗೆಕೋರರ ಮೇಲೆ ದಾಳಿ ಮಾಡಿಸುವ ಲಾಯಲಿಸ್ಟ್ ಮಂಡಳಿಯ ಮುಖ್ಯಸ್ಥನಾದ. ಯುದ್ಧ ಮುಗಿದು ಲಂಡನ್ ಸೇರಿದ ಮೇಲೆ, 1784ರಲ್ಲಿ, ಅಪ್ಪನಿಗೆ ಕಾಗದ ಬರೆದ. ಮತ್ತೆ ಒಂದಾಗೋಣ, ನನಗೆ ಸರಿ ಕಂಡ ಕರ್ತವ್ಯ ಮಾಡಿದೆ ಎಂದ. ಅಪ್ಪನ ಉತ್ತರ ಬಂತು: ಮುಪ್ಪಿನಲ್ಲಿ ಒಬ್ಬನೇ ಮಗ ಕೈಬಿಟ್ಟದ್ದಕ್ಕಿಂತ ಹೆಚ್ಚಿನ ನೋವು ನನಗೆ ಬೇರೆ ಯಾವುದೂ ಇಲ್ಲ. ಬಿಟ್ಟದ್ದಷ್ಟೇ ಅಲ್ಲ, ನನ್ನ ವಿರುದ್ಧ ಆಯುಧವನ್ನೂ ಹಿಡಿದೆ.

1785ರಲ್ಲಿ ಇಬ್ಬರೂ ಸೌತಾಂಪ್ಟನ್ ಬಂದರಿನಲ್ಲಿ ಕೊನೆಯ ಸಲ ಭೇಟಿಯಾದರು. ಅಪ್ಪ ಫ್ರಾನ್ಸಿನಿಂದ ಅಮೆರಿಕಕ್ಕೆ ಹೊರಟಿದ್ದ. ವಿಲಿಯಂನ ಮಗ ಟೆಂಪಲ್ ತಾತನ ಕಡೆಗಿದ್ದವನು, ಪ್ಯಾರಿಸ್ಸಿನಲ್ಲಿ ಅವನಿಗೆ ಕಾರ್ಯದರ್ಶಿಯಾಗಿದ್ದವನು. ಅಲ್ಲಿ ನಡೆದದ್ದು ಮುಖ್ಯವಾಗಿ ಲೆಕ್ಕ ಚುಕ್ತಾ. ಅಮೆರಿಕದಲ್ಲಿದ್ದ ಜಮೀನನ್ನು ವಿಲಿಯಂ ತನ್ನ ಮಗನಿಗೇ ಮಾರಿದ, ಅಪ್ಪನಿಂದ ಹಿಂದೆ ಪಡೆದ ಸಾಲ ಅದರಲ್ಲಿ ಕಳೆಯಿತು. ಹಡಗು ಹೊರಟಿತು.

ಐದು ವರ್ಷದ ಮೇಲೆ ಬೆಂಜಮಿನ್ ತೀರಿಕೊಂಡಾಗ ಉಯಿಲು ತೆರೆದರು. ಮಗನ ಪಾಲಿಗೆ, ಈಗಾಗಲೇ ಅವನ ಹತ್ತಿರ ಇರುವ ಪುಸ್ತಕ ಕಾಗದಗಳು, ಮತ್ತು ನೋವಾ ಸ್ಕೋಷಿಯಾದಲ್ಲಿ ಒಂದಿಷ್ಟು ನೆಲ.